ಬೀರು ಜರುಗಿಸುವವಳ ಬೆಕ್ಕುಗಳು

ಅಂಗಡಿಯವರು ಅವಳಿಗೆ ಇಟ್ಟ ಹೆಸರು ಸುಂಟರಗಾಳಿ. ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನು ತಿರುಗಿಸಿದ ಕೂಡಲೇ 'ಸುಂಟರಗಾಳಿ ಮೇಲಿನ ಮಹಡಿಗೆ ಹೊರಟಿದೆ, ಹುಷಾರು' ಎಂದು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಬೇಸರವೇನಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಿತ್ತು.

ಅದು ಮಂಚ, ಮೇಜು, ಸೋಫಾ, ಬೀರು ಮಾರುವ ದೊಡ್ಡ ಮಳಿಗೆ. ಅಲ್ಲಿ ಸಾಮಾನುಗಳನ್ನು ಗೋಡೆಗೆ ಸಾಲಾಗಿ ಒರಗಿಸಿ ಮಾರುವ ಪದ್ಧತಿಯಿಲ್ಲ. ಒಂದೊಂದು ಮೂಲೆಯನ್ನೂ ಒಂದೊಂದು ಕೋಣೆಯ ಹಾಗೆ ಜೋಡಿಸಿಡುತ್ತಾರೆ. ಟಿವಿ ರಟ್ಟಿನದು, ಬುಟ್ಟಿಯ ಹಣ್ಣು ಪ್ಲಾಸ್ಟಿಕ್ಕಿನದು, ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇದೆ, ಒಳಗೆ ಹಾಳೆಯಿಲ್ಲ. ಆದರೂ ಒಳಗೆ ಬಂದವರು ಸೋಫಾದ ಮೇಲೆ ಕೂತು, ಉಸ್ಸಪ್ಪಾ ಎಂದು ಕಾಲು ಚಾಚಿ, ನಮ್ಮ ಮನೆ ಹೀಗಿರಬಾರದಿತ್ತೇ ಎಂದುಕೊಳ್ಳಬೇಕು. ಜನರಿಗೆ ಹಾಗೆ ಅನ್ನಿಸುವಂತೆ ಮಾಡುವುದೇ ಅವಳ ಕೆಲಸ. ಒಂದು ಸಲ ಬಂದುಹೋದವರು ಮತ್ತೆ ಬಂದಾಗ ಅದೇ ಕೋಣೆ ಅದೇ ರೀತಿ ಕಾಣಿಸಬಾರದು ಎಂಬುದು ಮ್ಯಾನೇಜರ್ ಹಾಕಿದ ನಿಯಮ. ಹಾಗಾಗಿ ಅವಳು ಜೋಡಿಸುತ್ತಿದ್ದಳು, ಕೆಡವುತ್ತಿದ್ದಳು, ಮತ್ತೆ ಜೋಡಿಸುತ್ತಿದ್ದಳು. ಇದಕ್ಕೆ ಅವಳಿಗೆ ಇನ್ನೊಬ್ಬರ ಕೈ ಬೇಕಿರಲಿಲ್ಲ. ಬೀರಿನ ಕಾಲಡಿಗೆ ಹಳೇ ಕಂಬಳಿ ತುರುಕಿ ಸೊಂಟದಿಂದ ಒಂದು ಒತ್ತು ಕೊಟ್ಟರೆ ಸಾಕು, ಆನೆಯಂಥ ಬೀರೂ ಸದ್ದಿಲ್ಲದೆ ಜರುಗುತ್ತಿತ್ತು.

ಮನೆಗೆ ಬಂದ ಮೇಲಾದರೂ ಆ ಸೊಂಟ ಸುಮ್ಮನಿರಬೇಕಲ್ಲ! ಇರುತ್ತಿರಲಿಲ್ಲ. ಚಹಾ ಕುದಿಯಲಿಟ್ಟು ಅದು ಉಕ್ಕುವಷ್ಟರಲ್ಲಿ ಮೇಜು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಹೋಗಿರುತ್ತಿತ್ತು. ಗಂಡ ಸಿಟಿ ಬಸ್ಸಿನ ಡ್ರೈವರ್. ಬೆಳಕು ಹರಿಯುವ ಮುಂಚೆ ಎದ್ದು, ಬಚ್ಚಲಿನ ಬಾಗಿಲೆಂದುಕೊಂಡು ಬೀರಿನ ಬಾಗಿಲು ತೆಗೆದು ಸೀರೆಗಳ ನಡುವೆ ತಲೆ ಹಾಕಿದ್ದೂ ಉಂಟು.

"ನನ್ನ ಬಸ್ಸಿನ ರೂಟು ಕೆಲಸಕ್ಕೆ ಸೇರಿದಾಗಿನಿಂದ ಬದಲಾಗಿಲ್ಲ," ಎನ್ನುತ್ತಿದ್ದ. "ಮಂಚದಿಂದ ಬಚ್ಚಲಿಗೆ ಹೋಗೋ ರೂಟು ಮಾತ್ರ ವಾರಕ್ಕೊಂದು."

"ಕಣ್ಣು ಬಿಟ್ಕೊಂಡು ನಡೀರಿ ಅಂದ್ರೆ ನನ್ನ ಮೇಲೆ ಹೇಳ್ತೀರಲ್ಲ," ಎಂದು ಅವಳು ನಗುತ್ತಿದ್ದಳು. ಅವನೂ ಮೊಣಕಾಲು ತಿಕ್ಕಿಕೊಳ್ಳುತ್ತಾ ನಗುತ್ತಿದ್ದ. ಇಬ್ಬರಿಗೂ ಅದು ಮನೆಯ ತಮಾಷೆಯಾಗಿತ್ತು.

ಮನೆಯಲ್ಲಿ ಇನ್ನುಳಿದವು ಐದು ಬೆಕ್ಕುಗಳು. ಅಂಗಡಿಯ ಗೋದಾಮಿನಲ್ಲಿ ಒಂದು ಬೀದಿ ಬೆಕ್ಕು ಅರ್ಧ ತೆರೆದ ಡ್ರಾಯರಿನೊಳಗೆ ಮರಿ ಹಾಕಿ, ಮರಿಗಳು ಕಣ್ಣು ತೆರೆಯುವ ಹೊತ್ತಿಗೆ ಎತ್ತಲೋ ಹೋಗಿಬಿಟ್ಟಿತ್ತು. ಮರಿಗಳ ಕಣ್ಣೂ ಮೂಗೂ ಅಂಟಿಕೊಂಡು ಪೊರೆ ಕಟ್ಟಿದ್ದವು. ಆಚೆ ಬಿಸಾಕಿ ಎಂದ ಮ್ಯಾನೇಜರನನ್ನು ಅವಳು ನೋಡಿದ ನೋಟಕ್ಕೆ ಆತ ಗೋದಾಮಿನ ಕಡೆ ಬರುವುದನ್ನೇ ಕೆಲ ದಿನ ನಿಲ್ಲಿಸಿದ. ಮರಿಗಳನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ಬೂದ, ಮಚ್ಚೆ, ದಡಿಯ, ಕೆಂಚಿ. ಆಮೇಲೆ ತಾನಾಗಿಯೇ ಕಿಟಕಿಯಿಂದ ಇಳಿದು ಬಂದದ್ದು ಹೊಸಬ. ಹೊಸಬ ಬಂದು ವರ್ಷಗಳೇ ಕಳೆದಿದ್ದವು, ಆದರೂ ಅವನು ಇನ್ನೂ ಹೊಸಬನೇ.

ಐದರಲ್ಲಿ ಅವಳ ಜೀವವೆಲ್ಲ ಕೆಂಚಿಯ ಮೇಲೆ. ಹಾಗೆಂದು ಉಳಿದವುಗಳ ಎದುರು ಹೇಳುತ್ತಿರಲಿಲ್ಲ. ಕೆಂಚಿ ಅಂಗೈಯಷ್ಟಿದ್ದಾಗ ಅದು ಬದುಕುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಅವಳೇ ಹತ್ತಿಯಲ್ಲಿ ಹಾಲಿನ ಹನಿ ಹಿಂಡಿ ಹಿಂಡಿ ಉಳಿಸಿದ್ದಳು. ಬದುಕುಳಿದರೂ ಕೆಂಚಿ ಪೂರ್ತಿ ಗುಣವಾಗಲಿಲ್ಲ. ಕೆಲ ವಾರ ಚೆನ್ನಾಗಿರುವುದು, ಆಮೇಲೆ ಒಂದು ಬೆಳಗ್ಗೆ ಸೀನು. ಸೀನಿನ ಹಿಂದೆ ಮೂಗು ಕಟ್ಟುವುದು, ಕಣ್ಣಲ್ಲಿ ನೀರು, ಸೊರಸೊರ ಉಸಿರು. ಮೂಗು ಕಟ್ಟಿದರೆ ಬೆಕ್ಕಿಗೆ ವಾಸನೆ ಹತ್ತದು, ವಾಸನೆ ಹತ್ತದಿದ್ದರೆ ಬಟ್ಟಲಿಗೆ ಬಾಯಿ ಹಾಕದು. ಕೆಂಚಿಗೆ ಶುರುವಾದರೆ ಬೂದನಿಗೆ, ಬೂದನಿಂದ ಮಚ್ಚೆಗೆ. ಆಗ ಇಡೀ ಮನೆಯೇ ಸೀನುತ್ತಿತ್ತು.

ಸೀನು ಕೇಳಿದರೆ ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಾಸಿಗೆ, ಹೊದಿಕೆ, ಪರದೆ ಎಲ್ಲ ಬಿಸಿನೀರಿಗೆ ಹೋಗಬೇಕು. ನೆಲಕ್ಕೆ ಫಿನಾಯಿಲ್. ಬೀರಿನ ಹಿಂದೆ ಧೂಳಿದೆಯೇನೋ, ಜರುಗಿಸಿ ನೋಡು. ಮಂಚದ ಕೆಳಗೆ ತೇವವಿದೆಯೇನೋ, ಮಂಚ ಎತ್ತು. ಎಲ್ಲ ಉಜ್ಜಿ ತೊಳೆದು, ಸಾಮಾನಿಗೆ ಹೊಸ ಜಾಗ ಕೊಟ್ಟು, ಆಮೇಲೆ ಕೆಂಚಿಯನ್ನು ಬಚ್ಚಲಿಗೆ ಒಯ್ದು ಬಿಸಿನೀರಿನ ಹಬೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಅದರ ಮೂಗು ಒರೆಸುತ್ತಾ ತಾನೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಬೆಕ್ಕುಗಳ ಡಾಕ್ಟರು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಶಾಂತ ಸ್ವಭಾವದವರು. ಹೋದಾಗೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು.

"ಮನೇಲಿ ಏನಾದ್ರೂ ಬದಲಾವಣೆ ಆಯ್ತಾ?"

"ಇಲ್ಲ ಡಾಕ್ಟ್ರೇ. ಎಲ್ಲ ಹಾಗೇ ಇದೆ."

ಸುಳ್ಳು ಹೇಳುವ ಹೆಂಗಸಲ್ಲ ಅವಳು. ಬದಲಾವಣೆ ಎಂದರೆ ಅವಳ ಲೆಕ್ಕದಲ್ಲಿ ಮದುವೆ, ಸಾವು, ಹೆರಿಗೆ, ಮನೆ ಬಿಟ್ಟು ಮನೆಗೆ ಹೋಗುವುದು. ಬೀರು ಜರುಗಿಸುವುದು ಕಸ ಗುಡಿಸಿದ ಹಾಗೆ. ಗುಡಿಸಿದ್ದನ್ನೆಲ್ಲ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

"ಮರಿಯಾಗಿದ್ದಾಗ ಹತ್ತಿದ ವೈರಸ್ಸು ಇದು," ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. "ಹೋಗೋದಿಲ್ಲ, ಒಳಗೇ ಮಲಗಿರತ್ತೆ. ಬೆಕ್ಕಿಗೆ ಗಾಬರಿಯಾದ್ರೆ, ಮನಸ್ಸಿಗೆ ಒತ್ತಡ ಆದ್ರೆ ಎದ್ದು ಕೂರತ್ತೆ. ಐದು ಬೆಕ್ಕು ಒಂದೇ ಮನೇಲಿದ್ರೆ ಜಗಳ ಇದ್ದೇ ಇರತ್ತೆ, ನಿಮ್ಮ ಕಣ್ಣಿಗೆ ಕಾಣ್ದೇ ಇರಬಹುದು. ಒಂದೊಂದಕ್ಕೂ ಬೇರೆ ಬಟ್ಟಲು, ಗಲೀಜು ಮಾಡೋಕೆ ಬೇರೆ ಮಣ್ಣು ತುಂಬಿದ ತಟ್ಟೆ, ಹತ್ತಿ ಕೂರೋಕೆ ಒಂದು ಎತ್ತರದ ಜಾಗ, ಅಡಗೋಕೆ ಒಂದು ಮೂಲೆ ಮಾಡಿಕೊಡಿ."

ಇಂಥ ಕೆಲಸ ಹೇಳಿದರೆ ಕೇಳಬೇಕೇ! ಹಸಿದವಳ ಮುಂದೆ ಎಲೆ ಹಾಕಿದಂತಾಯಿತು. ಗೋಡೆಗೆ ಹಲಗೆ ಬಡಿದಳು, ಬೀರಿನ ಮೇಲೆ ಮೆತ್ತೆ ಹಾಕಿದಳು, ಮೂಲೆ ಮೂಲೆಗೆ ಪರದೆ ಇಳಿಬಿಟ್ಟಳು. ಅಂಗಡಿಯಲ್ಲೂ ಅಷ್ಟು ಚೆಂದದ ಕೋಣೆಯನ್ನು ಅವಳು ಜೋಡಿಸಿರಲಿಲ್ಲ. ಬೆಕ್ಕುಗಳು ಅನುಮಾನದಿಂದ ಮೂಸಿ ನೋಡಿ, ಒಂದೊಂದಾಗಿ ಹತ್ತಿ ಕೂತವು. ಕೂತದ್ದೇ ತಡ, ಮಚ್ಚೆಗೆ ಆ ಹಲಗೆಯಲ್ಲಿ ಗಾಳಿ ಬಡಿಯುತ್ತದೆ ಎಂದು ಅವಳಿಗನ್ನಿಸಿತು, ಹಲಗೆಯನ್ನು ಈಚೆಗೆ ತಂದಳು. ದಡಿಯನ ಬಟ್ಟಲಿಗೆ ಬೂದ ಮೂತಿ ಹಾಕಿದ, ಬಟ್ಟಲುಗಳನ್ನೆಲ್ಲ ಅದಲು ಬದಲು ಮಾಡಿದಳು. ಇನ್ನೂ ಚೆನ್ನಾಗಿ ಮಾಡಬಹುದು, ಇನ್ನೂ ಒಂಚೂರು. ಕೆಂಚಿಯ ಮೂಗು ಮತ್ತೆ ಕಟ್ಟಿತು.

"ನಾನು ಹೇಳಿದ್ದು ಮಾಡಿದ್ರಾ?" ಡಾಕ್ಟರು ಕೇಳಿದರು.

"ನೀವು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದೀನಿ. ದಿನಾ ಮಾಡ್ತಾನೇ ಇದೀನಿ."

ಡಾಕ್ಟರು ಕೆಂಚಿಯ ಎಡಗಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣ ಮೇಲೆ ಹೊಗೆಯಾಡಿದಂತೆ ಬೆಳ್ಳಗೆ ಮಬ್ಬು ಕಟ್ಟಿತ್ತು. ಇದೂ ಅದೇ ಕಾಯಿಲೆಯ ಕೆಲಸ, ಮೂಗಿಗೆ ಬಂದದ್ದು ಕಣ್ಣಿಗೂ ಹತ್ತಿದೆ, ಇನ್ನೆರಡು ಸಲ ಹೀಗೇ ಆದರೆ ಈ ಕಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದರು. "ಕೆಲ ದಿನ ಬೇರೆ ಬೆಕ್ಕಿಲ್ಲದ ಮನೇಲಿ ಇಟ್ಟು ನೋಡಿ. ಅಲ್ಲಿ ಗುಣವಾದ್ರೆ ಮುಂದೇನು ಅಂತ ಯೋಚಿಸೋಣ."

ಅವಳು ಬಸ್ಸಿನಲ್ಲಿ ಬುಟ್ಟಿಯನ್ನು ಎದೆಗೊತ್ತಿ ಹಿಡಿದು ಕೂತಳು. ಒಳಗೆ ಸೊರಸೊರ, ಸೊರಸೊರ. ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿತ್ತು ಆ ಸದ್ದು. ಉಳಿದ ನಾಲ್ಕರ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು. ನಿಮ್ಮಿಂದ ಇವಳ ಕಣ್ಣು ಹೋಗುತ್ತಿದೆ ಎಂದು ದಡಿಯನನ್ನು ಸುಮ್ಮಸುಮ್ಮನೆ ಬೈದಳು.

ಬೇರೆ ಬೆಕ್ಕಿಲ್ಲದ ಮನೆ ಎಂದರೆ ಅಕ್ಕನ ಮನೆ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತೇ ದುಡಿದು, ನಿವೃತ್ತಳಾಗಿ, ಈಗ ಮನೆಯಲ್ಲಿ ಕೂತಿದ್ದಳು. ಕೂತಿದ್ದಳು ಎಂದರೆ ಅಕ್ಷರಶಃ ಕೂತಿದ್ದಳು. ಅವಳ ಕುರ್ಚಿಯಲ್ಲಿ ಅವಳ ಆಕಾರದ ಗುಂಡಿಯಿತ್ತು. ಕ್ಯಾಲೆಂಡರು ಹಳೆಯದಾದರೆ ಅದರ ಮೇಲೇ ಹೊಸದನ್ನು ತೂಗು ಹಾಕುತ್ತಿದ್ದಳು. ಕಿಟಕಿಯ ಕೆಳಗಿನ ಮರದ ಕುರ್ಚಿಯಲ್ಲಿ ಹಳೇ ಪೇಪರು ಸೊಂಟದೆತ್ತರ ಬೆಳೆದಿತ್ತು. ತಂಗಿಗೆ ಆ ಮನೆಯೊಳಗೆ ಕಾಲಿಟ್ಟರೆ ಬೆರಳುಗಳಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು.

ಬೆಕ್ಕೆಂದರೆ ಅಕ್ಕ ಸುತರಾಂ ಒಪ್ಪಲಿಲ್ಲ. ತಂಗಿ ಅತ್ತಳು. ಅವಳು ಅತ್ತದ್ದನ್ನು ಅಕ್ಕ ಬಹಳ ವರ್ಷಗಳಿಂದ ನೋಡಿರಲಿಲ್ಲ.

"ಸರಿ, ಬಿಟ್ಟುಹೋಗು," ಎಂದಳು. "ಔಷಧಿ ಹಾಕ್ತೀನಿ, ಅನ್ನ ಹಾಕ್ತೀನಿ. ಮುದ್ದು ಗಿದ್ದು ನನ್ನ ಕೈಲಾಗಲ್ಲ. ಮತ್ತೆ ನೀನು ಇಲ್ಲಿ ಯಾವ್ದನ್ನೂ ಮುಟ್ಟಬೇಡ."

ಕೆಂಚಿ ಮೊದಲು ಅಡುಗೆಮನೆಯ ಮೂಲೆ ಹಿಡಿಯಿತು. ಆಮೇಲೆ ಪೇಪರಿನ ಗುಡ್ಡೆಯನ್ನು ಪತ್ತೆ ಮಾಡಿ, ಅದರ ತುದಿಯಲ್ಲಿ ಸುರುಳಿ ಸುತ್ತಿ ಮಲಗಲು ಕಲಿಯಿತು. ಅಕ್ಕ ಅದನ್ನು ಕರೆಯಲೂ ಇಲ್ಲ, ಓಡಿಸಲೂ ಇಲ್ಲ. ಸೀನು ಕಮ್ಮಿಯಾಯಿತು. ಮೂಗು ಬಿಟ್ಟಿತು. ಫೋನಿನಲ್ಲಿ ಅಕ್ಕ ಹೇಳಿದಳು, "ಮೀನಿನ ವಾಸನೆ ಬಂದ್ರೆ ನನಗಿಂತ ಮುಂಚೆ ಅಡುಗೆಮನೇಲಿರತ್ತೆ. ಕಣ್ಣೂ ತಿಳಿಯಾಗಿದೆ."

ಅವಳಿಗೆ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಅಷ್ಟು ಧೂಳಿನಲ್ಲಿ! ನಾನು ನೆಲ ಕನ್ನಡಿಯ ಹಾಗಿಟ್ಟರೂ ಬಾರದ ಆರೋಗ್ಯ ಆ ಕಸದ ಗುಡ್ಡೆಯ ಮೇಲೆ ಹೇಗೆ ಬಂತು? ಉತ್ತರ ಅವಳ ಬಳಿ ಸಿದ್ಧವಾಗಿಯೇ ಇತ್ತು. ಇಲ್ಲಿ ನಾಲ್ಕು ಪುಂಡರಿದ್ದಾರೆ, ಅಲ್ಲಿಲ್ಲ. ಆ ನಾಲ್ಕೂ ಸೋಫಾದ ಕೆಳಗಿನಿಂದ ಅವಳನ್ನು ನೋಡುತ್ತಿದ್ದವು. ಸೋಫಾ ಹಿಂದಿನ ದಿನವಷ್ಟೇ ಆ ಗೋಡೆಗೆ ಬಂದಿತ್ತು.

ಭಾನುವಾರ ನೋಡಲು ಹೋದಳು. ಕೆಂಚಿ ಗುಡ್ಡೆಯ ಮೇಲಿಂದಲೇ ಬಾಲದ ತುದಿ ಅಲ್ಲಾಡಿಸಿತು, ಇಳಿದು ಬರಲಿಲ್ಲ. ಕಿಟಕಿಯ ಸಂದಿಯಿಂದ ತಣ್ಣನೆ ಗಾಳಿ ನೇರವಾಗಿ ಅದರ ಮೈಮೇಲೆ ಬೀಳುತ್ತಿತ್ತು. ಪೇಪರಿಗೆ ಮುಗ್ಗಲು ವಾಸನೆ. ಉಸಿರಿನ ಕಾಯಿಲೆಯ ಬೆಕ್ಕು! ಅಕ್ಕ ಔಷಧಿ ಅಂಗಡಿಗೆ ಹೋಗಿಬರುತ್ತೇನೆಂದು ಹೊರಟದ್ದೇ ತಡ, ಇವಳ ಕೈ ತಡೆಯಲಿಲ್ಲ. ಬೆಕ್ಕನ್ನು ಇಳಿಸಿ, ಪೇಪರನ್ನೆಲ್ಲ ಕಟ್ಟಿ ಹಿತ್ತಲಿಗೆ ಹಾಕಿ, ಕುರ್ಚಿಯನ್ನು ಸೋಪುನೀರಿನಲ್ಲಿ ಒರೆಸಿ, ಬಿಸಿಲು ಬೀಳುವ ಗೋಡೆಗೆ ತಂದು, ಮೇಲೆ ಮನೆಯಿಂದ ತಂದಿದ್ದ ಹೊಸ ಮೆತ್ತೆ ಹಾಸಿದಳು. ಹೆಜ್ಜೆ ಹಿಂದಿಟ್ಟು, ತಲೆ ಓರೆ ಮಾಡಿ ನೋಡಿದಳು. ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಕೆಂಚಿ ಎಲ್ಲೂ ಕಾಣುತ್ತಿರಲಿಲ್ಲ.

ಅಕ್ಕ ಬಂದವಳು ಬಾಗಿಲಲ್ಲೇ ನಿಂತು ಕೋಣೆಯನ್ನು ನೋಡಿದಳು. ಬೈಯಲಿಲ್ಲ. "ಮುಟ್ಟಬೇಡ ಅಂದಿದ್ದೆ," ಎಂದಷ್ಟೇ ಹೇಳಿ ಕೈಚೀಲ ಕೆಳಗಿಟ್ಟಳು.

ಮುಂದಿನ ವಾರ ಅಂಗಡಿಯಲ್ಲಿ ಅವಳು ಮಂಚವೊಂದರ ಕಾಲು ಬಿಚ್ಚುತ್ತಿದ್ದಾಗ ಅಕ್ಕನ ಫೋನು ಬಂತು.

"ನಿನ್ನ ಬೆಕ್ಕು ಸೀನ್ತಾ ಇದೆ. ಕಣ್ಣು ಮತ್ತೆ ಅಂಟಿದೆ, ಅನ್ನ ಮುಟ್ಟಿಲ್ಲ. ನೀನು ಹೋದ ದಿನ ಮಂಚದಡಿ ಸೇರಿಕೊಂಡಿದ್ದು ಸರಿಯಾಗಿ ಈಚೆಗೆ ಬಂದೇ ಇಲ್ಲ. ಕುರ್ಚಿ ವಾಪಸ್ ಹಾಕ್ದೆ, ಅದರ ಹತ್ರ ಹೋಗಿ ಮೂಸುತ್ತೆ, ತಿರುಗಿ ಬರುತ್ತೆ. ಗುರುತು ಸಿಗ್ತಿಲ್ಲ ಅದಕ್ಕೆ."

ಅವಳು ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟಳು. ಮಾರಾಟಕ್ಕಿಟ್ಟ ಮಂಚದ ಮೇಲೇ ಕುಸಿದು ಕೂತು ಡಾಕ್ಟರಿಗೆ ಫೋನು ಹಚ್ಚಿದಳು.

"ಅಲ್ಲಿ ಏನಾದ್ರೂ ಬದಲಾವಣೆ ಆಯ್ತಾ?" ಡಾಕ್ಟರು ಎಂದಿನಂತೆ ಕೇಳಿದರು.

ಅಕ್ಕನ ಮನೆಯಲ್ಲಿ ಬೇರೆ ಬೆಕ್ಕಿರಲಿಲ್ಲ. ದೂರಲು ಯಾರೂ ಇರಲಿಲ್ಲ.

"ಆಯ್ತು," ಎಂದಳು. "ನಾನು ಹೋಗಿದ್ದೆ." ಮುಂದಿನ ಮಾತುಗಳು ತಡವರಿಸುತ್ತಾ ಬಂದವು. ಕುರ್ಚಿ, ಪೇಪರು, ಸೋಪುನೀರು. ಆಮೇಲೆ ಅಣೆಕಟ್ಟು ಒಡೆದಂತೆ ಬೀರು, ಮಂಚ, ಹಲಗೆ, ಪರದೆ ಎಲ್ಲ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಬೆಕ್ಕು ಮನೇನ ಕಣ್ಣಿಂದ ಗುರುತು ಹಿಡಿಯೋದು ಕಮ್ಮಿ," ಎಂದರು. "ಕೆನ್ನೆ ಉಜ್ಜಿ ಉಜ್ಜಿ ತನ್ನ ವಾಸನೆ ಹಚ್ಚಿರತ್ತೆ. ಅದನ್ನ ನೀವು ತೊಳೆದು, ಸಾಮಾನು ಬೇರೆ ಕಡೆ ಇಟ್ರೆ ಅದಕ್ಕೆ ತಾನು ಯಾರದೋ ಮನೇಲಿದೀನಿ ಅನ್ಸತ್ತೆ. ಗಾಬರಿ ಇವತ್ತಾದ್ರೆ ಸೀನು ಬರೋದು ಮುಂದಿನ ವಾರ. ಅದಕ್ಕೇ ನಿಮಗೆ ಹೊಳೀಲಿಲ್ಲ. ನಾನೂ ಸರಿಯಾಗಿ ಕೇಳಲಿಲ್ಲ."

ಅವಳು ಫೋನು ಕಿವಿಗೆ ಹಿಡಿದೇ ಕೂತಿದ್ದಳು. ವರ್ಷಗಟ್ಟಲೆ, ಸೀನಿದಾಗೆಲ್ಲ, ಪ್ರೀತಿಯಿಂದ, ಮೈ ಬೆವರಿಳಿಸಿಕೊಂಡು, ಅವಳೇ ಆ ಮುಂದಿನ ಸೀನನ್ನು ತಯಾರು ಮಾಡಿದ್ದಳು. ಗಿರಾಕಿಯೊಬ್ಬರು ಬಂದು ಈ ಮಂಚಕ್ಕೆಷ್ಟು ಎಂದು ಕೇಳಿದರು. ಅವಳಿಗೆ ಕೇಳಿಸಲಿಲ್ಲ.

ಅಂದಿನಿಂದ ಮನೆಯಲ್ಲಿ ಅವಳು ಯಾವುದನ್ನೂ ಮುಟ್ಟಲಿಲ್ಲ. ಹೇಳುವುದು ಸುಲಭ. ಸಾಮಾನು ಜರುಗಿಸುವ ಕಂಬಳಿಯನ್ನು ಅಟ್ಟಕ್ಕೆ ಹಾಕಿದಳು. ಕೈಗೆ ಕೆಲಸ ಬೇಕೆಂದು ಬಟಾಣಿ ಸುಲಿದಳು, ತಿನ್ನುವವರಿಲ್ಲದಷ್ಟು ಸುಲಿದಳು. ಊಟ ಮಾಡುತ್ತಾ ಕಣ್ಣಲ್ಲೇ ಮೇಜನ್ನು ಕಿಟಕಿಗೆ ಒಯ್ದು ವಾಪಸು ತಂದಳು. ಬಾಗಿಲ ಹೊರಗೆ ಹೋಗಿ ನಿಂತಳು, ಒಳಗೆ ಬಂದಳು, ಮತ್ತೆ ಹೋದಳು. ಸಿಗರೇಟು ಬಿಟ್ಟವನಂತೆ ಗಂಡನ ಮೇಲೆ ಹರಿಹಾಯ್ದಳು. ಅವನು ಕಣ್ಣು ಮುಚ್ಚಿಕೊಂಡೇ ಬಚ್ಚಲಿಗೆ ಹೋಗಿ ಬಂದು, "ಏನೇ ಇದು, ಹುಷಾರಿಲ್ವಾ ನಿನಗೆ?" ಎಂದು ನಿಜವಾಗಿಯೂ ಹೆದರಿ ಕೇಳಿದ. ಬೂದ ಬೀರಿನ ಅಂಚಿಗೆ ಕೆನ್ನೆ ಉಜ್ಜಲು ಶುರು ಮಾಡಿದ. ಬಿಳಿ ಬಣ್ಣದ ಮೇಲೆ ಕಂದು ಕಲೆ ಬಿತ್ತು. ಅವಳು ಅದನ್ನು ಒರೆಸಲಿಲ್ಲ. ಆ ಕಲೆಯ ಮುಂದೆ ಓಡಾಡುವಾಗೆಲ್ಲ ಹಲ್ಲು ಕಚ್ಚಿಕೊಂಡಳು. ಬಿಸಿಲ ಕಾಲ ಹೋಗಿ ಚಳಿ ಬಂದರೂ ನಾಲ್ಕರಲ್ಲಿ ಒಂದೂ ಸೀನಲಿಲ್ಲ.

ಅಕ್ಕನ ಮನೆಗೆ ಅವಳು ಹೋಗದೆ ಫೋನಿನಲ್ಲೇ ವಿಚಾರಿಸುತ್ತಿದ್ದಳು. ಅಲ್ಲಿ ಪೇಪರಿನ ಗುಡ್ಡೆ ಮತ್ತೆ ಬೆಳೆಯಿತು, ಕೆಂಚಿ ಮತ್ತೆ ಹತ್ತಿತು, ಕಣ್ಣಿನ ಮಬ್ಬು ಚುಕ್ಕೆಯಷ್ಟಕ್ಕೆ ಇಳಿಯಿತು. ಈಗ ಮನೆಗೆ ತರಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಮನೆ ಈಗಿರೋ ಹಾಗೇ ಇರೋದಾದ್ರೆ ತರಬಹುದು. ಅದು ನಿಮಗೇ ಗೊತ್ತು," ಎಂದರು.

ಬುಟ್ಟಿ ಹಿಡಿದು ಹೋದಳು. ಅಕ್ಕ ಕಣ್ಣಿನ ಹನಿಯ ಶೀಶೆಯನ್ನು ಕವರಿನಲ್ಲಿ ಕಟ್ಟಿ ಮೇಜಿನ ಮೇಲಿಟ್ಟಿದ್ದಳು. ಬುಟ್ಟಿ ಕಂಡದ್ದೇ ಕೆಂಚಿ ಮಂಚದಡಿ ನುಗ್ಗಿತು.

"ಬರತ್ತೆ, ಕೂತ್ಕೋ," ಎಂದು ಅಕ್ಕ ತನ್ನ ಗುಂಡಿಯಲ್ಲಿ ಕೂತಳು. ತಂಗಿ ಎದುರಿಗೆ ಕೂತಳು. ಇಬ್ಬರೂ ಸ್ವಲ್ಪ ಹೊತ್ತು ಮಂಚದ ಕೆಳಗಿನ ಕತ್ತಲೆಯನ್ನೇ ನೋಡಿದರು.

"ನನಗೂ ಹಾಗೇ ಆಗ್ತಿತ್ತು," ಅಕ್ಕ ಎಂದಳು. "ಅಪ್ಪನಿಗೆ ವರ್ಗ ಆದಾಗೆಲ್ಲ. ಹೊಸ ಮನೇಲಿ ಬೆಳಗ್ಗೆ ಎದ್ರೆ ಬಾಗಿಲು ಯಾವ ಕಡೆ ಅಂತ ತಿಳೀತಿರ್ಲಿಲ್ಲ. ಗೋಡೆ ತಡವ್ತಿದ್ದೆ. ಆಮೇಲೆ ಎದೆ ಕಟ್ಟೋದು, ದಮ್ಮು. ಈ ಊರಿನ ನೀರು ಇವಳಿಗೆ ಒಗ್ಗಲ್ಲ ಅಂತಿದ್ಲು ಅಮ್ಮ. ಎಲ್ಲ ಊರಿನ ನೀರೂ ಒಗ್ತಿರ್ಲಿಲ್ಲ ನನಗೆ."

"ನಾನು ಜೋಡಿಸ್ತಿದ್ದೆನಲ್ಲ ಅಕ್ಕ. ಸಾಮಾನು ಇಳಿಸಿದ ದಿನಾನೇ ಎಲ್ಲ ಜೋಡಿಸಿಬಿಡ್ತಿದ್ದೆ, ಮನೆ ಅನ್ಸಲಿ ಅಂತ."

"ಹೌದು. ನಿನಗೆ ಅನ್ಸ್ತಿತ್ತು. ಎಲ್ರೂ ನಿನ್ನ ಹೊಗಳೋರು. ನಾನು ಮಲಗಿ ಕೆಮ್ಮೋಳು." ಅಕ್ಕನ ಮಾತಿನಲ್ಲಿ ಸಿಟ್ಟಿರಲಿಲ್ಲ. "ಈ ಮನೇಗೆ ಬಂದ ಮೇಲೆ ದಮ್ಮು ಬಂದಿಲ್ಲ. ಅದಕ್ಕೇ ಏನೂ ಮುಟ್ಟಲ್ಲ ನಾನು."

ಗೋಡೆ ತಡವುತ್ತಾ ನಿಂತ ಹುಡುಗಿಯನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಆಗ ಅವಳು ಕಪಾಟು ಒರೆಸುತ್ತಿರಬೇಕು. ಇಷ್ಟು ವರ್ಷ ಅಕ್ಕನನ್ನು ಸೋಮಾರಿ ಎಂದು ಎಲ್ಲರೆದುರು ಆಡಿಕೊಂಡಿದ್ದಳು. ತಪ್ಪಾಯಿತು ಎನ್ನಬೇಕೆನಿಸಿತು. ಅಕ್ಕನಿಗೆ ಅದೆಲ್ಲ ಹಿಡಿಸುವುದಿಲ್ಲವೆಂದು ಗೊತ್ತಿದ್ದುದರಿಂದ ಸುಮ್ಮನಾದಳು.

ಒಂದು ವಿಷಯವನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಆ ಬೆಳಗ್ಗೆಯೇ, ಕೆಂಚಿ ಬರುತ್ತಾಳೆಂಬ ಸಂಭ್ರಮದಲ್ಲಿ, ಅಟ್ಟದಿಂದ ಕಂಬಳಿ ಇಳಿಸಿ ಬೀರಿನ ಕಾಲಡಿ ತುರುಕಿಬಿಟ್ಟಿದ್ದಳು. ಕೆಂಚಿಗೆ ಬಿಸಿಲು ಬೀಳುವ ಜಾಗ ಮಾಡೋಣವೆಂದು. ಸೊಂಟ ಒತ್ತುವ ಹೊತ್ತಿಗೆ ಎಚ್ಚರವಾಗಿ ಎಳೆದು ತೆಗೆದಿದ್ದಳು. ಇವತ್ತು ತೆಗೆದಿದ್ದಳು, ಸರಿ. ನಾಳೆ?

"ಅಕ್ಕ, ಇವಳು ಇಲ್ಲೇ ಇರ್ಲಿ."

"ನಿನ್ನ ಬೆಕ್ಕು."

"ನನ್ನದೇ. ಇಲ್ಲಿರ್ಲಿ."

ಅಕ್ಕ ಅವಳ ಮುಖವನ್ನು ನೋಡಿದಳು. ಎದ್ದು ಕವರಿನಿಂದ ಶೀಶೆ ತೆಗೆದು, ಅದರ ಮೊದಲಿನ ಜಾಗದಲ್ಲೇ ಇಟ್ಟು, ಬಂದು ಕೂತಳು.

ಬಹಳ ಹೊತ್ತಿನ ಮೇಲೆ ಕೆಂಚಿ ಈಚೆಗೆ ಬಂತು. ಅವಳ ಪಾದವನ್ನು ಮೂಸಿತು. ಅವಳು ಬೆರಳನ್ನೂ ಅಲ್ಲಾಡಿಸಲಿಲ್ಲ. ಅಲ್ಲಾಡಿಸದೆ ಇರುವುದು ಅಷ್ಟು ಕಷ್ಟ ಎಂದು ಯಾರಿಗೆ ಹೇಳುವುದು? ಬೆಕ್ಕು ಅವಳನ್ನು ದಾಟಿಕೊಂಡು ಹೋಗಿ ಅಕ್ಕನ ತೊಡೆಗೆ ಹಾರಿ, ಎರಡು ಸುತ್ತು ಸುತ್ತಿ, ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಾ ಮಲಗಿತು. ಅಕ್ಕನ ಕೈ ತಾನಾಗಿಯೇ ಅದರ ಬೆನ್ನ ಮೇಲೆ ಬಂತು. ಕೋಣೆಯ ಈ ಬದಿಯಿಂದ, ಕಣ್ಣು ತುಂಬಿಕೊಂಡು, ಅವಳು ಅದರ ಉಸಿರಿನ ಸೊರಸೊರಕ್ಕೆ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ.